ಮಿಡ್‌ಸೆಂಚುರಿ ಮಾಡರ್ನ್ ಬಾತ್‌ರೂಮ್: ಗೆರೆ ಮೊದಲು, ಸಾಮಾನು ಆಮೇಲೆ

ಮಿಡ್‌ಸೆಂಚುರಿ ಮಾಡರ್ನ್ ಬಾತ್‌ರೂಮ್ ಬೇಕು ಅಂದ ಕೂಡಲೇ ಎಲ್ಲರೂ ಹುಡುಕಲು ಹೋಗುವುದು ದುಂಡು ಕನ್ನಡಿ, ಗೋಲಾಕಾರದ ದೀಪ, ತೆಳ್ಳನೆಯ ಕಾಲಿನ ಮರದ ಕಪಾಟು. ಇವನ್ನೆಲ್ಲ ತಂದು ಜೋಡಿಸಿದ ಮೇಲೂ ಏನೋ ಕೂಡಿಬಂದಿಲ್ಲ ಅನ್ನಿಸುತ್ತದೆ. ಸರಿಯಾಗಿ ನೋಡಿದರೆ ಕಾರಣ ಅಲ್ಲೇ ಕಾಣುತ್ತದೆ. ಟೈಲ್ಸ್ ಸಂದು ಒಂದು ಕಡೆ, ನಲ್ಲಿ ಇನ್ನೊಂದು ಕಡೆ, ಕನ್ನಡಿಯ ಅಂಚು ಮತ್ತೊಂದು ಕಡೆ. ಈ ಶೈಲಿ ನಿಂತಿರುವುದೇ ಗೆರೆಗಳ ಮೇಲೆ. ಗೆರೆ ಕೂಡಿದರೆ ಸಾಧಾರಣ ಬಿಳಿ ಟೈಲ್ಸ್ ಕೂಡ ಚೆನ್ನಾಗಿ ಕಾಣುತ್ತದೆ. ಕೂಡದಿದ್ದರೆ ಎಷ್ಟು ದುಬಾರಿ ಸಾಮಾನು ತಂದರೂ ಅಷ್ಟೆ.

ಆದ್ದರಿಂದ ಈ ಲೇಖನದಲ್ಲಿ ಅಂಗಡಿಗೆ ಹೋಗುವ ಮಾತು ತಡವಾಗಿ ಬರುತ್ತದೆ. ಮೊದಲು ಅಳತೆ, ನಕ್ಷೆ, ಗೋಡೆಯೊಳಗಿನ ಕೆಲಸ.

ಈ ಶೈಲಿ ಬಂದದ್ದು ಎಲ್ಲಿಂದ

ಎರಡನೇ ಮಹಾಯುದ್ಧ ಮುಗಿದ 1945ರಿಂದ ಸುಮಾರು 1970ರವರೆಗಿನ ಮನೆಗಳ ಶೈಲಿ ಇದು. ಅಮೆರಿಕದಲ್ಲಿ, ಅದರಲ್ಲೂ ಕ್ಯಾಲಿಫೋರ್ನಿಯಾದಲ್ಲಿ ತುಂಬಾ ಬೆಳೆಯಿತು. ಡೆನ್ಮಾರ್ಕ್, ಸ್ವೀಡನ್ ಕಡೆಯ ಮರಗೆಲಸದ ಪ್ರಭಾವವೂ ಜೊತೆಗೆ ಸೇರಿತು. 1945ರಲ್ಲಿ ಶುರುವಾಗಿ 1966ರವರೆಗೆ ನಡೆದ ಕೇಸ್ ಸ್ಟಡಿ ಹೌಸ್ ಯೋಜನೆಯಲ್ಲಿ ಒಳ್ಳೊಳ್ಳೆಯ ವಾಸ್ತುಶಿಲ್ಪಿಗಳು ಮಾದರಿ ಮನೆಗಳನ್ನು ರೂಪಿಸಿದರು. ಕಾರ್ಖಾನೆಯಲ್ಲಿ ತಯಾರಾಗುವ ಉಕ್ಕು, ಗಾಜು, ಪ್ಲೈವುಡ್ ಬಳಸಿ ಸಾಮಾನ್ಯ ಕುಟುಂಬಕ್ಕೆ ಚೆಂದದ ಮನೆ ಕಟ್ಟಬಹುದಾ ಅನ್ನುವುದು ಅವರ ಪ್ರಶ್ನೆಯಾಗಿತ್ತು. ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ವಿನ್ಯಾಸಕ ದಂಪತಿ 1949ರಲ್ಲಿ ಕಟ್ಟಿಕೊಂಡ ಸ್ವಂತ ಮನೆ ಈ ಯೋಜನೆಯ 8ನೇ ಮನೆ. ಜೋಸೆಫ್ ಐಕ್ಲರ್ ಎಂಬ ಬಿಲ್ಡರ್ ಇದೇ ಬಗೆಯ ಸುಮಾರು 11,000 ಮನೆ ಕಟ್ಟಿ ಮಾರಿದರು.

ಇದನ್ನು ಹೇಳಲು ಕಾರಣ ಇದೆ. ಆ ಕಾಲದ ಬಾತ್‌ರೂಮ್ ದೊಡ್ಡದೇನೂ ಅಲ್ಲ. 5 ಅಡಿ ಅಗಲ, 8 ಅಡಿ ಉದ್ದ ಅಂದರೆ ಮಾಮೂಲು ಅಳತೆ. ಅಷ್ಟರಲ್ಲೇ ಬೇಸಿನ್, ಕಮೋಡ್, ಟಬ್ ಮೂರೂ ಕೂರಬೇಕಿತ್ತು. ಹಾಗಾಗಿ ಕೆತ್ತನೆ, ಅಲಂಕಾರಕ್ಕೆ ಜಾಗವೇ ಇರಲಿಲ್ಲ. ಬೇಕಾದದ್ದು ಮಾತ್ರ, ಅದೂ ಸರಿಯಾದ ಅಳತೆಯಲ್ಲಿ. ನಿಮ್ಮ ಬಾತ್‌ರೂಮ್ ಚಿಕ್ಕದು ಅಂತ ಹಿಂಜರಿಯಬೇಡಿ, ಈ ಶೈಲಿ ಹುಟ್ಟಿದ್ದೇ ಚಿಕ್ಕ ಬಾತ್‌ರೂಮಿನಲ್ಲಿ.

ಒಡೆಯುವ ಮುಂಚೆ

ನಿಮ್ಮ ಮನೆ ಆ ಕಾಲದ್ದೇ ಆಗಿದ್ದರೆ, ಸುತ್ತಿಗೆ ಎತ್ತುವ ಮೊದಲು ಒಂದು ದಿನ ಸುಮ್ನೆ ನೋಡಿ. ಹಳೆಯ ಬಣ್ಣದ ಟೈಲ್ಸ್ ಗಟ್ಟಿಯಾಗಿದೆಯಾ? ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಾರದಿದ್ದರೆ ಅದನ್ನು ಉಳಿಸಿಕೊಳ್ಳಿ. ಸಂದಿನ ಹಳೆ ಗ್ರೌಟ್ ಕೆರೆದು ಹೊಸದು ತುಂಬಿದರೆ ಗೋಡೆ ಎದ್ದು ಕಾಣುತ್ತದೆ. ಎರಕದ ಕಬ್ಬಿಣದ ಟಬ್ ಇದ್ದರೆ ಅದರ ಮೇಲ್ಮೈಗೆ ಹೊಸ ಲೇಪ ಕೊಡಿಸಬಹುದು. ಗೋಡೆಯೊಳಗೆ ಹುದುಗಿಸಿದ ಕನ್ನಡಿ ಕಪಾಟು, ಕ್ರೋಮ್ ಟವೆಲ್ ಕಂಬಿ, ಪಿಂಗಾಣಿಯ ಸೋಪಿನ ಗೂಡು ಇಂಥವನ್ನು ಬಿಸಾಡಬೇಡಿ. ಇವತ್ತು ಅದೇ ಬೇಕೆಂದರೂ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಇದೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಕಾಲದ 9 ಇಂಚು ಚೌಕದ ವಿನೈಲ್ ಅಥವಾ ಡಾಂಬರು ಬಗೆಯ ನೆಲದ ಹಾಸಿನಲ್ಲೂ, ಅದನ್ನು ಅಂಟಿಸಿದ ಕಪ್ಪು ಅಂಟಿನಲ್ಲೂ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಜಾಸ್ತಿ. ಹಳೆಯ ಬಣ್ಣದ ಪದರಗಳಲ್ಲಿ ಸೀಸ ಇರಬಹುದು. ಒಡೆದಾಗ, ಉಜ್ಜಿದಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲು ಚೂರೊಂದನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಆಸ್ಬೆಸ್ಟಾಸ್ ಇದೆ ಅಂತಾದರೆ ಆ ಕೆಲಸ ಬಲ್ಲವರೇ ತೆಗೆಯಬೇಕು. ಹಾಸು ಗಟ್ಟಿಯಾಗಿದ್ದರೆ ಅದನ್ನು ಕೆದಕದೆ ಮೇಲೆಯೇ ಹೊಸ ನೆಲ ಹಾಕುವ ದಾರಿಯೂ ಇದೆ.

ಅಳತೆ ಮತ್ತು ನಕ್ಷೆ: ನಿಜವಾದ ಕೆಲಸ ಇಲ್ಲೇ

ಹೆಚ್ಚಿನವರು ಮೊದಲು ಪ್ಲಂಬರ್ ಕರೆಸಿ ಪೈಪ್ ಹಾಕಿಸುತ್ತಾರೆ, ಆಮೇಲೆ ಟೈಲ್ಸ್ ಆರಿಸುತ್ತಾರೆ. ಈ ಶೈಲಿಗೆ ಅದು ಉಲ್ಟಾ ಆಗಬೇಕು. ಟೈಲ್ಸ್ ಅಳತೆ ಮೊದಲು ನಿರ್ಧಾರವಾಗಬೇಕು, ಪೈಪಿನ ಜಾಗ ಆ ಟೈಲ್ಸ್ ಹೇಳಿದಂತೆ ಬರಬೇಕು.

ಒಂದು ಗೋಡೆಯ ಲೆಕ್ಕ ಹಾಕಿ ತೋರಿಸುತ್ತೇನೆ. ಆ ಕಾಲದ ಗೋಡೆಗಳಲ್ಲಿ ತುಂಬಾ ಬಳಕೆಯಲ್ಲಿದ್ದದ್ದು ನಾಲ್ಕೂಕಾಲು ಇಂಚು ಚೌಕದ ಟೈಲ್ಸ್, ಅಂದರೆ 108 ಮಿ.ಮೀ. ಸಂದು 2 ಮಿ.ಮೀ. ಇಟ್ಟರೆ ಸಂದೂ ಸೇರಿ ಒಂದು ಚೌಕ 110 ಮಿ.ಮೀ. ಆಯಿತು. ನಿಮ್ಮ ಬೇಸಿನ್ ಗೋಡೆ 1600 ಮಿ.ಮೀ. ಅಗಲ ಇದೆ ಅನ್ನಿ. 14 ಪೂರ್ತಿ ಟೈಲ್ಸ್ ಇಟ್ಟರೆ 1538 ಮಿ.ಮೀ. ಹೋಗುತ್ತದೆ. ಉಳಿದದ್ದನ್ನು ಎರಡೂ ಬದಿಗೆ ಹಂಚಿದರೆ, ಸಂದು ಕಳೆದು ಒಂದೊಂದು ಕಡೆ 29 ಮಿ.ಮೀ. ಪಟ್ಟಿ ಬರುತ್ತದೆ. ಆ ಸಪೂರ ಪಟ್ಟಿ ಮೂಲೆಯಲ್ಲಿ ಕೂತು ಇಡೀ ಗೋಡೆಯನ್ನು ಕೆಡಿಸುತ್ತದೆ. ಒಂದು ಟೈಲ್ ಕಡಿಮೆ ಮಾಡಿ ನೋಡಿ. 13 ಟೈಲ್ಸಿಗೆ 1428 ಮಿ.ಮೀ., ಉಳಿದದ್ದು ಹಂಚಿದರೆ ಎರಡೂ ಬದಿಗೆ 84 ಮಿ.ಮೀ. ಬಂತು. ನೋಡುವವರಿಗೆ ಅದು ಹೆಚ್ಚುಕಡಿಮೆ ಪೂರ್ತಿ ಟೈಲಿನಂತೆಯೇ ಕಾಣುತ್ತದೆ. ಮೂಲೆಯ ಸಂದಿಗೆ ಒಂದೆರಡು ಮಿ.ಮೀ. ಆಚೀಚೆ ಆಗುತ್ತದೆ, ಅಷ್ಟೆ. ಒಂದೇ ಒಂದು ಟೈಲ್ ಕಳೆದದ್ದಕ್ಕೆ ಗೋಡೆ ಸರಿಹೋಯಿತು, ಅಲ್ವಾ?

ಈಗ ಮಧ್ಯದ ಟೈಲ್ ಗೋಡೆಯ ನಟ್ಟನಡುವೆ ಬಂತು. ಬೇಸಿನ್ನಿನ ನಡುಗೆರೆ, ನಲ್ಲಿಯ ನಡುಗೆರೆ, ಕನ್ನಡಿಯ ನಡುಗೆರೆ ಮೂರೂ ಆ ಟೈಲಿನ ನಡುವಿಗೇ ಬರಲಿ. ಗೋಡೆಯಿಂದ ಹೊರಬರುವ ಯಾವುದೇ ನಲ್ಲಿ, ಹಿಡಿ, ಸ್ವಿಚ್ ಟೈಲಿನ ಸರಿಯಾದ ಮಧ್ಯದಲ್ಲಿ ಇರಬೇಕು, ಇಲ್ಲವೇ ನಾಲ್ಕು ಟೈಲ್ಸ್ ಕೂಡುವ ಮೂಲೆಯ ಮೇಲೆ ಇರಬೇಕು. ಮೂರನೇ ಜಾಗ ಬೇಡವೇ ಬೇಡ.

ಎತ್ತರಕ್ಕೂ ಇದೇ ಲೆಕ್ಕ. ನೆಲದಿಂದ 8 ಸಾಲು ಏರಿದರೆ 880 ಮಿ.ಮೀ. ಬೇಸಿನ್ ಕೌಂಟರಿಗೆ 850ರಿಂದ 880 ಹೆಚ್ಚಿನ ವಯಸ್ಕರಿಗೆ ಹೊಂದುವ ಎತ್ತರ. ಹಾಗಾಗಿ ಕೌಂಟರ್ ಮೇಲ್ಮೈ 8ನೇ ಸಾಲಿನ ಸಂದಿಗೆ ಬಂದು ಕೂರಲಿ. ಕನ್ನಡಿಯ ಕೆಳ ಅಂಚು ಅಲ್ಲಿಂದ ಎರಡು ಸಾಲು ಮೇಲೆ. ಶವರ್ ಕಡೆ ಸೋಪು, ಶಾಂಪೂ ಇಡುವ ಗೂಡು ಮೂರು ಟೈಲ್ಸ್ ಅಗಲ ಇರಲಿ. ಮುಗಿದ ಮೇಲೆ ಗೂಡಿನ ಅಗಲ 332 ಮಿ.ಮೀ. ಬರಬೇಕು ಅಂದರೆ, ಒಳಬದಿಯ ಟೈಲ್ಸ್ ಮತ್ತು ಅಂಟಿನ ದಪ್ಪ ಸೇರಿಸಿ ಗೋಡೆಯನ್ನು ಸುಮಾರು 354 ಮಿ.ಮೀ. ತೆರೆಯಬೇಕು. ಗೂಡಿನ ತಳ ಸ್ವಲ್ಪ ಮುಂದಕ್ಕೆ ವಾಲಿರಲಿ, ನೀರು ನಿಲ್ಲಬಾರದು.

ಕಾಗದದ ಮೇಲೆ ನಾಲ್ಕೂ ಗೋಡೆಯನ್ನು ಹೀಗೆ ಚೌಕ ಚೌಕವಾಗಿ ಬರೆಯಿರಿ. ಕೊಳ್ಳಬೇಕಾದ ಟೈಲ್ಸಿನ ಒಂದೆರಡು ಸ್ಯಾಂಪಲ್ ತಂದು ನೀವೇ ಅಳೆಯಿರಿ. ಪೆಟ್ಟಿಗೆಯ ಮೇಲೆ ಬರೆದ ಅಳತೆಗೂ ಒಳಗಿನ ಟೈಲ್ಸಿಗೂ ಒಂದೆರಡು ಮಿ.ಮೀ. ವ್ಯತ್ಯಾಸ ಇರುವುದುಂಟು. 13 ಟೈಲ್ಸಿಗೆ ಅದು ದೊಡ್ಡ ಅಂತರವೇ ಆಗುತ್ತದೆ.

ಕಮೋಡಿನ ನಡುಗೆರೆಯಿಂದ ಪಕ್ಕದ ಗೋಡೆಗೆ ಕನಿಷ್ಠ 380 ಮಿ.ಮೀ. ಬಿಡಿ, 450 ಬಿಟ್ಟರೆ ಆರಾಮ. ಮುಂದೆ 600ಕ್ಕಿಂತ ಕಡಿಮೆ ಜಾಗ ಇದ್ದರೆ ಓಡಾಡಲು ಇಕ್ಕಟ್ಟು.

ಬಣ್ಣ ಒಂದೇ ಸಾಕು

1950ರ ದಶಕದ ಬಾತ್‌ರೂಮ್‌ಗಳು ಬಣ್ಣಕ್ಕೆ ಹೆಸರಾದವು. ಗುಲಾಬಿ, ಪುದೀನ ಹಸಿರು, ತಿಳಿ ನೀಲಿ, ಬೆಣ್ಣೆ ಹಳದಿ. 1953ರಲ್ಲಿ ಅಮೆರಿಕದ ಅಧ್ಯಕ್ಷರಾದ ಐಸೆನ್‌ಹೋವರ್ ಅವರ ಪತ್ನಿ ಮೇಮೀ ಅವರಿಗೆ ಗುಲಾಬಿ ಎಂದರೆ ಪ್ರಾಣ. ಅವರಿಂದಾಗಿ ಆ ಬಣ್ಣ ಊರೆಲ್ಲ ಹರಡಿತು, ಗುಲಾಬಿ ಬಾತ್‌ರೂಮ್ ಒಂದು ಫ್ಯಾಷನ್ನೇ ಆಯಿತು. ಮಾಗಿದ ಚಿನ್ನದ ಹಳದಿ, ಬೆಣ್ಣೆಹಣ್ಣಿನ ಹಸಿರು ಬಂದದ್ದು ಕೊನೆಗೆ, 1960ರ ದಶಕದ ಅಂತ್ಯ ಮತ್ತು 70ರ ದಶಕದಲ್ಲಿ.

ನನ್ನ ಸಲಹೆ ಹೀಗಿದೆ. ಬಿಳಿ ಒಂದು, ಮರ ಒಂದು, ಅದರ ಜೊತೆ ಒಂದೇ ಒಂದು ಬಣ್ಣ. ಆ ಬಣ್ಣ ಧೈರ್ಯವಾಗಿ ಇಡೀ ಗೋಡೆ ತುಂಬಲಿ. ಅಲ್ಲೊಂದು ಇಲ್ಲೊಂದು ಬಣ್ಣದ ಟೈಲ್ ಸಿಕ್ಕಿಸುವುದು ಈ ಶೈಲಿಯ ಗುಣ ಅಲ್ಲ. ಎಲ್ಲ ಬೂದು, ಎಲ್ಲ ಮ್ಯಾಟ್ ಕಪ್ಪು ಮಾಡಿದರೆ ಅದು ಇವತ್ತಿನ ಬಾತ್‌ರೂಮ್ ಆಗುತ್ತದೆ, ಅದು ಬೇರೆಯೇ ರುಚಿ. ಬಣ್ಣ ಆರಿಸುವಾಗ ಸ್ಯಾಂಪಲ್ ಅನ್ನು ಬಾತ್‌ರೂಮಿನ ಒಳಗೇ ಇಟ್ಟು, ಹಗಲಲ್ಲೂ ರಾತ್ರಿ ದೀಪದಲ್ಲೂ ನೋಡಿ. ಅಂಗಡಿಯ ಬೆಳಕಿನಲ್ಲಿ ಪುದೀನ ಹಸಿರು ಕಂಡದ್ದು ಮನೆಯಲ್ಲಿ ಬೂದಿಯಂತೆ ಕಾಣಬಹುದು.

ಗೋಡೆಯೊಳಗೆ: ಪೈಪ್, ವೈರು, ಆಧಾರ

ಈ ಶೈಲಿಯಲ್ಲಿ ನೆಲ ಆದಷ್ಟು ಖಾಲಿ ಕಾಣಬೇಕು. ಅದಕ್ಕೇ ಗೋಡೆಗೆ ತೂಗುಹಾಕಿದ ಬೇಸಿನ್ ಕಪಾಟು, ಗೋಡೆಯಿಂದಲೇ ಬರುವ ನಲ್ಲಿ, ಸಾಧ್ಯವಾದರೆ ಗೋಡೆಗೆ ತೂಗುವ ಕಮೋಡ್. ಇವೆಲ್ಲದರ ಭಾರ ಗೋಡೆಯ ಮೇಲೆಯೇ ಬೀಳುವುದರಿಂದ ಒಳಗಿನ ತಯಾರಿ ಈಗಲೇ ಆಗಬೇಕು. ಇಟ್ಟಿಗೆ, ಕಾಂಕ್ರೀಟ್ ಗೋಡೆಯಾದರೆ ಒಳ್ಳೆಯ ಆಂಕರ್ ಬೋಲ್ಟ್ ಸಾಕು. ಟೊಳ್ಳು ಇಟ್ಟಿಗೆ ಅಥವಾ ಬೋರ್ಡಿನ ಗೋಡೆಯಾದರೆ ಒಳಗೆ ಮರದ ಅಡ್ಡಪಟ್ಟಿ ಅಥವಾ ಉಕ್ಕಿನ ಚೌಕಟ್ಟು ಕೂರಿಸಿ. ತೂಗುವ ಕಮೋಡಿಗೆ ಉಕ್ಕಿನ ಫ್ರೇಮ್ ಬೇಕೇ ಬೇಕು. ಅದರೊಳಗೇ ಫ್ಲಶ್ ಟ್ಯಾಂಕ್ ಇರುತ್ತದೆ, ಮುಂದೆ ರಿಪೇರಿಗೆ ಫ್ಲಶ್ ಒತ್ತುವ ಗುಂಡಿಯ ಫಲಕ ತೆಗೆದರೆ ಕೈ ಹೋಗುತ್ತದೆ. ಜಾಗವಿಲ್ಲ, ಖರ್ಚು ಬೇಡ ಅನ್ನುವವರು ನೆಲದ ಮೇಲೆ ಕೂರುವ ಸರಳ ಆಕಾರದ ಬಿಳಿ ಕಮೋಡ್ ಹಾಕಿ. ಅದರಿಂದ ಶೈಲಿಗೆ ಏನೂ ಕೊರತೆ ಇಲ್ಲ, ಆ ಕಾಲದ ಮನೆಗಳಲ್ಲೂ ಅದೇ ಹೆಚ್ಚು.

ಶವರ್ ಪಕ್ಕ, ಕಮೋಡ್ ಪಕ್ಕ ಮುಂದೆ ಎಂದಾದರೂ ಹಿಡಿಕಂಬಿ ಬೇಕಾಗಬಹುದು. ಈಗಲೇ ಅಲ್ಲಿಗೂ ಆಧಾರ ಕೊಟ್ಟುಬಿಡಿ.

ಗೋಡೆಯೊಳಗಿನ ನಲ್ಲಿಯ ಬಾಡಿ ಎಷ್ಟು ಆಳದಲ್ಲಿ ಕೂರಬೇಕು ಅನ್ನುವುದಕ್ಕೆ ಅದರ ಮೇಲೆಯೇ ಕನಿಷ್ಠ, ಗರಿಷ್ಠ ಗುರುತು ಇರುತ್ತದೆ. ಪ್ಲಾಸ್ಟರ್, ವಾಟರ್‌ಪ್ರೂಫಿಂಗ್, ಅಂಟು, ಟೈಲ್ಸ್ ಎಲ್ಲ ಸೇರಿದ ಮೇಲಿನ ಮುಖ ಆ ಎರಡು ಗುರುತಿನ ನಡುವೆ ಬರಬೇಕು. ಪ್ಲಂಬರ್ ಹತ್ತಿರ ಈ ದಪ್ಪಗಳನ್ನು ಕೂಡಿಸಿ ಲೆಕ್ಕ ಹಾಕಿಸಿ, ಅಂದಾಜು ಬೇಡ. ಬೇಸಿನ್ ನಲ್ಲಿಯ ಮೂತಿ ಬೇಸಿನ್ ಅಂಚಿನಿಂದ 100ರಿಂದ 150 ಮಿ.ಮೀ. ಮೇಲಿದ್ದರೆ ಕೈ ತೊಳೆಯಲು ಸಲೀಸು, ನೀರೂ ಸಿಡಿಯುವುದಿಲ್ಲ.

ಎಲ್ಲ ಪೈಪ್ ಕೂಡಿಸಿದ ಮೇಲೆ ಬಾಯಿ ಮುಚ್ಚಿ ಒತ್ತಡ ತುಂಬಿ, ಗೇಜ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮುಳ್ಳು ಅಲ್ಲೇ ಇದ್ದರೆ ಮಾತ್ರ ಗೋಡೆ ಮುಚ್ಚಲು ಹೇಳಿ. ವಿದ್ಯುತ್ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ದೇ. ಬಾತ್‌ರೂಮ್ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್, ಇರಲೇಬೇಕು. ನೀರಿದ್ದಲ್ಲಿ ಸಣ್ಣ ಸೋರಿಕೆಯೂ ಜೀವಕ್ಕೆ ಅಪಾಯ.

ಎಗ್ಸಾಸ್ಟ್ ಫ್ಯಾನ್ ಮರೆಯಬೇಡಿ. ನೆಲದ ಒಂದು ಚದರ ಅಡಿಗೆ ನಿಮಿಷಕ್ಕೆ ಒಂದು ಘನ ಅಡಿ ಗಾಳಿ ಎಳೆಯಬೇಕು ಅನ್ನುವುದು ಲೆಕ್ಕ, ಆದರೆ 50ಕ್ಕಿಂತ ಕಡಿಮೆಯದು ಬೇಡ. ಅದರ ಕೊಳವೆ ಮನೆಯ ಹೊರಗೇ ಬಾಯಿ ತೆರೆಯಬೇಕು, ಸೀಲಿಂಗ್ ಮೇಲಿನ ಖಾಲಿ ಜಾಗಕ್ಕೆ ಅಲ್ಲ. ಇಷ್ಟು ಮರ ಬಳಸುವ ಬಾತ್‌ರೂಮಿಗೆ ತೇವ ಹೊರಹೋಗುವುದು ತುಂಬಾ ಮುಖ್ಯ.

ಗೋಡೆ ಮುಚ್ಚುವ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆಯಿರಿ, ಪೈಪಿನ ಪಕ್ಕ ಟೇಪ್ ಹಿಡಿದು ಅಳತೆ ಕಾಣುವ ಹಾಗೆ.

ವಾಟ ಮತ್ತು ವಾಟರ್‌ಪ್ರೂಫಿಂಗ್

ಇದು ಯಾವ ಶೈಲಿಗಾದರೂ ಒಂದೇ, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಶವರ್ ನೆಲಕ್ಕೆ ನೀರು ಹರಿದುಹೋಗಲು ಅಡಿಗೆ ಕಾಲು ಇಂಚು ವಾಟ (ಇಳಿಜಾರು) ಕೊಡಿ, ಅಂದರೆ ಮೀಟರಿಗೆ ಸುಮಾರು 20 ಮಿ.ಮೀ. ಲೇಪ ಕನಿಷ್ಠ ಎರಡು ಕೋಟ್. ಮೊದಲನೆಯದು ಉದ್ದಕ್ಕೆ ಹೊಡೆದರೆ ಎರಡನೆಯದು ಅಡ್ಡಕ್ಕೆ. ನೆಲ ಗೋಡೆ ಕೂಡುವ ಮೂಲೆಗೆ ಟೇಪ್ ಇಟ್ಟು ಲೇಪಿಸಿ, ಪೈಪ್ ಹೊರಬರುವ ಕಡೆ ಸುತ್ತ ಜಾಸ್ತಿ ಗಮನ ಕೊಡಿ. ಶವರ್ ಗೋಡೆಗಳಿಗೆ ನೆಲದಿಂದ ಶವರ್ ತಲೆಗಿಂತ ಮೇಲಿನವರೆಗೆ, ಉಳಿದ ಗೋಡೆಗಳಿಗೆ ನೆಲದಿಂದ ಕನಿಷ್ಠ 150 ಮಿ.ಮೀ.

ಒಣಗಿದ ಮೇಲೆ ಡ್ರೈನ್ ಬಾಯಿ ಕಟ್ಟಿ 24 ಗಂಟೆ ನೀರು ನಿಲ್ಲಿಸಿ. ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಹಾಕಿ. ಮಾರನೇ ದಿನ ಗೆರೆ ನೋಡಿ, ಕೆಳಮಹಡಿ ಇದ್ದರೆ ಅಲ್ಲಿಯ ಸೀಲಿಂಗೂ ನೋಡಿ. ಕೆಲಸದವರು ಅವಸರ ಮಾಡಿದರೂ ಈ ಒಂದು ದಿನ ಬಿಡಬೇಡಿ.

ನೆಲ

ಮೂರು ದಾರಿ ಇವೆ. ನನಗೆ ತುಂಬಾ ಇಷ್ಟವಾದದ್ದು ಮೊಸಾಯಿಕ್ ನೆಲ, ಅಂದರೆ ಟೆರಾಝೊ. ಸಿಮೆಂಟಿನಲ್ಲಿ ಮಾರ್ಬಲ್ ಚೂರು ಬೆರೆಸಿ ಹಾಸಿ, ಗಟ್ಟಿಯಾದ ಮೇಲೆ ಮೆಷಿನ್ನಿನಲ್ಲಿ ಉಜ್ಜಿ ನಯ ಮಾಡಿದ್ದು. ಆ ಕಾಲದ ಶಾಲೆ, ವಿಮಾನ ನಿಲ್ದಾಣ, ಮನೆ ಎಲ್ಲ ಕಡೆ ಇತ್ತು. ಅಲ್ಲೇ ಹಾಸಿ ಉಜ್ಜಿಸಿದರೆ ನಡುವೆ ತೆಳು ಹಿತ್ತಾಳೆ ಪಟ್ಟಿ ಕೂರಿಸುತ್ತಾರೆ. ಅದು ಬರೀ ಚೆಂದಕ್ಕಲ್ಲ, ಸಿಮೆಂಟ್ ಕುಗ್ಗುವಾಗ ಬಿರುಕು ಎಲ್ಲೆಂದರಲ್ಲಿ ಬೀಳದೆ ಪಟ್ಟಿಯ ಗೆರೆಯಲ್ಲೇ ನಿಲ್ಲಲಿ ಅಂತ. ಆ ಪಟ್ಟಿಗಳನ್ನೂ ಗೋಡೆಯ ಟೈಲ್ಸ್ ಸಂದಿಗೆ ಸರಿಯಾಗಿ ಕೂಡಿಸಿ. ಮೆಷಿನ್ನಿನ ಮೊದಲ ಸುತ್ತು ಆದಾಗ ಬೂದು ಕೆಸರಿನ ಅಡಿಯಿಂದ ಚೂರುಗಳು ಒಂದೊಂದಾಗಿ ಮುಖ ತೋರಿಸುತ್ತವೆ. ಎಲ್ಲಾದರೂ ಚೂರು ಕಡಿಮೆ ಬಿದ್ದಿದ್ದರೆ, ಸಣ್ಣ ತೂತು ಕಂಡರೆ ಆಗಲೇ ಹೇಳಿ ತುಂಬಿಸಬೇಕು, ಕೊನೆಯ ಪಾಲಿಶ್ ಆದ ಮೇಲೆ ಅದು ತೇಪೆಯಂತೆ ಉಳಿಯುತ್ತದೆ. ಬಾತ್‌ರೂಮಿಗೆ ಕನ್ನಡಿಯಂಥ ಹೊಳಪು ಬೇಡ, ಜಾರುತ್ತದೆ. ಮಂದ ನಯಕ್ಕೆ ನಿಲ್ಲಿಸಿ ಸೀಲರ್ ಹಾಕಿಸಿ.

ಇಷ್ಟೆಲ್ಲ ಧೂಳು, ಕೆಸರು, ಸಮಯ ಬೇಡ ಅಂದರೆ ಟೆರಾಝೊದಂತೆ ಕಾಣುವ ಪೋರ್ಸಲೀನ್ ಟೈಲ್ಸ್ ಸಿಗುತ್ತದೆ. ಒಂದೇ ಚುಕ್ಕಿ ವಿನ್ಯಾಸ ಪ್ರತಿ ಟೈಲಿನಲ್ಲೂ ಮರುಕಳಿಸದಂಥದ್ದು ನೋಡಿ ಆರಿಸಿ. ದೊಡ್ಡ ಟೈಲ್ಸ್ ನಾಲ್ಕು ಕಡೆಯಿಂದ ನಡುವಿನ ಡ್ರೈನಿಗೆ ವಾಲಲಾರದು, ಓರೆಯಾಗಿ ಕತ್ತರಿಸಬೇಕಾಗುತ್ತದೆ. ಗೋಡೆ ಬದಿಗೆ ಉದ್ದನೆಯ ಡ್ರೈನ್ ಹಾಕಿದರೆ ಒಂದೇ ದಿಕ್ಕಿಗೆ ವಾಟ ಕೊಟ್ಟರೆ ಸಾಕು.

ಮೂರನೆಯದು ಒಂದಿಂಚಿನ ಷಟ್ಕೋನ ಅಥವಾ ನಾಣ್ಯದಂಥ ದುಂಡು ಟೈಲ್ಸ್. ಜಾಲರಿ ಹಾಳೆಗೆ ಅಂಟಿಸಿ ಬರುತ್ತದೆ. ಎಂಥ ವಾಟಕ್ಕೂ ಬಗ್ಗುತ್ತದೆ, ಸಂದು ಜಾಸ್ತಿ ಇರುವುದರಿಂದ ಕಾಲಿಗೆ ಹಿಡಿತ ಚೆನ್ನಾಗಿರುತ್ತದೆ. ಒಂದೇ ತೊಂದರೆ, ಹಾಳೆ ಹಾಳೆಯ ನಡುವಿನ ಗೆರೆ ಎದ್ದು ಕಾಣುವುದು. ಸಣ್ಣ ಹಲ್ಲಿನ ಕರಣೆಯಿಂದ ಅಂಟು ಹರಡಿ, ಆ ಏರುಗಳನ್ನು ಚಪ್ಪಟೆ ಮಾಡಿ, ಆಮೇಲೆ ಹಾಳೆ ಇಡಿಸಿ. ಇಲ್ಲದಿದ್ದರೆ ಅಂಟು ಸಂದಿನಿಂದ ಮೇಲೆ ಉಕ್ಕುತ್ತದೆ. ಹಾಳೆ ಇಟ್ಟ ಮೇಲೆ ಐದಾರು ಹೆಜ್ಜೆ ದೂರ ನಿಂತು ನೋಡಿ, ಗೆರೆ ಕಂಡರೆ ಅಂಟು ಹಸಿ ಇರುವಾಗಲೇ ಬಿಲ್ಲೆಗಳನ್ನು ಬೆರಳಿನಿಂದ ಸರಿಸಿ.

ಗೋಡೆಯ ಟೈಲ್ಸ್

ಇಟ್ಟಿಗೆ ಕಟ್ಟಿದ ಹಾಗೆ ಒಂದು ಬಿಟ್ಟು ಒಂದು ಸರಿಸಿ ಅಂಟಿಸುವುದು ಬೇಡ. ಸಂದಿನ ಮೇಲೆ ಸಂದು, ನೇರ ಚೌಕಳಿ. ಉದ್ದನೆಯ ಟೈಲ್ಸ್ ತಂದಿದ್ದರೆ ಲಂಬವಾಗಿ ನಿಲ್ಲಿಸಿ ಸಾಲು ಹಿಡಿಸಿದರೂ ಚೆನ್ನ, ಸೀಲಿಂಗ್ ಎತ್ತರ ಕಾಣುತ್ತದೆ. ನೇರ ಚೌಕಳಿ ನೋಡಲು ಸುಲಭ, ಮಾಡಲು ಕಷ್ಟ. ಎಲ್ಲಾದರೂ ಒಂದು ಮಿ.ಮೀ. ತಪ್ಪಿದರೆ ಸಾಲಿನುದ್ದಕ್ಕೂ ಕಾಣುತ್ತದೆ. ಆದ್ದರಿಂದ ಗೋಡೆಯ ಪ್ಲಾಸ್ಟರ್ ಮೊದಲು ನೇರ ಇರಬೇಕು. ತೂಗುಗುಂಡು ಬಿಟ್ಟು ನೋಡಿ, ಉದ್ದನೆಯ ಪಟ್ಟಿ ಇಟ್ಟು ಹಿಂದೆ ಸಂದು ಕಾಣುತ್ತದಾ ನೋಡಿ.

ಮೇಸ್ತ್ರಿಗೆ ನಿಮ್ಮ ನಕ್ಷೆ ಕೊಟ್ಟು, ಮೊದಲ ಸಾಲು ಹಿಡಿಯುವಾಗ ನೀವೂ ಅಲ್ಲೇ ಇರಿ. ನೆಲಕ್ಕೆ ತಾಗುವ ಸಾಲಿನಿಂದ ಶುರು ಮಾಡಿಸಬೇಡಿ, ನೆಲ ಎಲ್ಲೂ ಪೂರ್ತಿ ಮಟ್ಟ ಇರುವುದಿಲ್ಲ. ಎರಡನೇ ಸಾಲಿನ ತಳಕ್ಕೆ ರಸಮಟ್ಟ ಇಟ್ಟು ಒಂದು ಮರದ ಪಟ್ಟಿ ಹೊಡೆದು, ಅದರ ಮೇಲಿನಿಂದ ಏರಿಸಲಿ. ಕೆಳಗಿನ ಸಾಲು ಕೊನೆಗೆ ಕತ್ತರಿಸಿ ಕೂರಿಸಿದರಾಯಿತು. ನಾಲ್ಕೈದು ಟೈಲ್ಸ್ ಅಂಟಿಸಿದ ಮೇಲೆ ಒಂದನ್ನು ಕಿತ್ತು ಹಿಂಬದಿ ನೋಡಿ. ನೀರು ಬೀಳುವ ಕಡೆ ಟೈಲಿನ ಬೆನ್ನಿಗೆ ಹೆಚ್ಚುಕಡಿಮೆ ಪೂರ್ತಿ ಅಂಟು ಹಿಡಿದಿರಬೇಕು. ಮೂಲೆಗೊಂದು ಉಂಡೆ ಇಟ್ಟು ಒತ್ತುವ ಪದ್ಧತಿ ಬೇಡ.

ಶವರ್ ಗೋಡೆಗಳಿಗೆ ಟೈಲ್ಸ್ ಮೇಲಿನವರೆಗೆ, ಉಳಿದ ಗೋಡೆಗಳಿಗೆ ನಾಲ್ಕು ಅಡಿ ಸಾಕು. ಅಲ್ಲಿಂದ ಮೇಲೆ ತೇವ ತಡೆಯುವ ಬಣ್ಣ. ಆ ಕಾಲದಲ್ಲೂ ಹಾಗೇ ಮಾಡುತ್ತಿದ್ದರು, ಮೇಲಂಚಿಗೆ ದುಂಡಗೆ ತಿರುಗಿದ ಅಂಚಿನ ಟೈಲ್ಸ್ ಕೂರಿಸಿ ಮುಗಿಸುತ್ತಿದ್ದರು. ಗುಲಾಬಿ ಗೋಡೆಗೆ ಕಪ್ಪು ಅಂಚು ಆಗ ತುಂಬಾ ಮೆಚ್ಚಿನದು.

ಗ್ರೌಟ್ ಬಣ್ಣ ಟೈಲ್ಸಿಗೆ ಹತ್ತಿರದ್ದು ಇರಲಿ, ಒಂದು ಛಾಯೆ ಗಾಢ ಇದ್ದರೆ ಚೌಕಳಿ ಹದವಾಗಿ ಕಾಣುತ್ತದೆ. ಶವರ್ ನೆಲಕ್ಕೆ ಎಪಾಕ್ಸಿ ಗ್ರೌಟ್ ಹಾಕಿಸಿದರೆ ಕಲೆ ಹಿಡಿಯುವುದಿಲ್ಲ. ಗೋಡೆ ಗೋಡೆ ಕೂಡುವ ಮೂಲೆ, ಗೋಡೆ ನೆಲ ಕೂಡುವ ಮೂಲೆಗೆ ಮಾತ್ರ ಗ್ರೌಟ್ ಬೇಡ, ಅದೇ ಬಣ್ಣದ ಸಿಲಿಕೋನ್ ಹಾಕಿ. ಅಲ್ಲಿ ಕಟ್ಟಡ ಸ್ವಲ್ಪ ಆಡುತ್ತದೆ, ಗ್ರೌಟ್ ಬಿರುಕು ಬಿಡುತ್ತದೆ.

ಮರದ ಕಪಾಟು

ಟೈಲ್ಸ್ ತಣ್ಣಗೆ, ಮರ ಬೆಚ್ಚಗೆ. ಎರಡೂ ಸೇರಿದರೇ ಬಾತ್‌ರೂಮ್ ಮನೆಯಂತೆ ಅನ್ನಿಸುವುದು. ಆ ಕಾಲದ ಪೀಠೋಪಕರಣಗಳಲ್ಲಿ ವಾಲ್‌ನಟ್, ತೇಗ, ಬೀಟೆ ಮರಗಳೇ ಮುಂದು. ಬಾತ್‌ರೂಮಿಗೆ ಗಟ್ಟಿ ಮರಕ್ಕಿಂತ ಮರೈನ್ ಪ್ಲೈವುಡ್ ಮೇಲೆ ಆ ಮರದ ವೆನೀರ್, ಅಂದರೆ ತೆಳು ಹಾಳೆ, ಅಂಟಿಸಿದ್ದು ಒಳ್ಳೆಯದು, ತೇವಕ್ಕೆ ಉಬ್ಬಿ ಬಾಗುವುದು ಕಡಿಮೆ. ಪುಡಿ ಮರದ ಬೋರ್ಡ್ ಬೇಡ, ನೀರು ತಾಗಿದರೆ ಊದಿಕೊಳ್ಳುತ್ತದೆ.

ಬಡಗಿಗೆ ಮುಖ್ಯವಾಗಿ ಹೇಳಬೇಕಾದದ್ದು ಒಂದಿದೆ. ವೆನೀರ್ ಎಳೆ ಅಡ್ಡಕ್ಕೆ ಹರಿಯಬೇಕು, ಎಡಗಡೆಯ ಡ್ರಾಯರಿನಲ್ಲಿ ಶುರುವಾದ ಎಳೆ ಬಲಗಡೆಯ ಡ್ರಾಯರಿನವರೆಗೂ ತುಂಡಾಗದೆ ಮುಂದುವರಿಯಬೇಕು. ಅದಕ್ಕೆ ಎಲ್ಲ ಮುಖಗಳನ್ನೂ ಒಂದೇ ಹಾಳೆಯಿಂದ, ಅದೇ ಕ್ರಮದಲ್ಲಿ ಕತ್ತರಿಸಬೇಕು. ಕತ್ತರಿಸಿದ ಕೂಡಲೇ ಹಿಂಬದಿಗೆ ಒಂದು, ಎರಡು, ಮೂರು ಅಂತ ಬರೆಸಿ, ಪಾಲಿಶ್ ಹೊತ್ತಿಗೆ ಅದಲುಬದಲು ಆಗಬಾರದು. ಕಪಾಟಿನ ಮುಖ ಪೂರ್ತಿ ಚಪ್ಪಟೆ ಇರಲಿ, ಬೀಡಿಂಗ್, ಚೌಕಟ್ಟು, ಕೆತ್ತನೆ ಯಾವುದೂ ಬೇಡ. ಹಿಡಿಕೆಯ ಬದಲು ಮೇಲಂಚಿನಲ್ಲಿ ಬೆರಳು ತೂರುವಷ್ಟು ಓರೆ ಕೊರೆದರೆ ಸಾಕು, ಇಲ್ಲವೇ ಸಣ್ಣ ದುಂಡು ಗುಬುಟು. ಜಾಗ ಇಕ್ಕಟ್ಟಾದರೆ ಸರಿಯುವ ಬಾಗಿಲು ಮಾಡಿಸಿ.

ಪಾಲಿಶ್ ಹೊರಗಡೆಗೆ ಮಾತ್ರ ಸಾಲದು. ಒಳಮೈ, ಹಿಂಬದಿ, ತಳ, ಪೈಪಿಗೆ ಕೊರೆದ ತೂತಿನ ಅಂಚು, ಬೇಸಿನ್ ಕತ್ತರಿಸಿದ ಅಂಚು ಎಲ್ಲಕ್ಕೂ ಪಿ.ಯು. (ಪಾಲಿಯುರೆಥೇನ್) ಕೋಟ್ ಬೀಳಬೇಕು. ನೀರು ಒಳಹೋಗುವುದು ಆ ಕಾಣದ ಅಂಚುಗಳಿಂದಲೇ.

ತೂಗುಹಾಕಿದರೆ ನೆಲಕ್ಕೂ ಕಪಾಟಿಗೂ ನಡುವೆ 250ರಿಂದ 300 ಮಿ.ಮೀ. ಬಿಡಿ. ಕಾಲಿನ ಮೇಲೆ ನಿಲ್ಲಿಸುವ ಆಸೆ ಇದ್ದರೆ ಕೆಳಗೆ ಹೋಗುತ್ತಾ ಸಪೂರವಾಗುವ, ಸ್ವಲ್ಪ ಹೊರಕ್ಕೆ ಚಾಚಿದ ಕಾಲು ಇಡಿ. ತುದಿಗೆ ಹಿತ್ತಾಳೆ ಬಳೆ ಹಾಕಿಸಿ, ಮರ ನೇರ ಒದ್ದೆ ನೆಲಕ್ಕೆ ತಾಗಬಾರದು.

ಕೌಂಟರಿಗೆ ಬಿಳಿ ಕ್ವಾರ್ಟ್ಝ್ ಅಥವಾ ಟೆರಾಝೊ ಚಪ್ಪಡಿ ಹೊಂದುತ್ತದೆ. ನೆಲವೂ ಟೆರಾಝೊ, ಕೌಂಟರೂ ಟೆರಾಝೊ ಮಾಡಿದರೆ ಕಣ್ಣಿಗೆ ಜಾಸ್ತಿಯಾಗುತ್ತದೆ, ಒಂದನ್ನು ಬಿಡಿ. ಲ್ಯಾಮಿನೇಟ್ ಅಂದರೆ ಅಗ್ಗ ಅಂತ ಮೂಗು ಮುರಿಯಬೇಡಿ. ಆ ಕಾಲದ ಅಡುಗೆಮನೆ, ಬಾತ್‌ರೂಮ್ ಕೌಂಟರ್‌ಗಳಲ್ಲಿ ಅದೇ ಹೆಚ್ಚು. 1950ರಲ್ಲಿ ವಿನ್ಯಾಸಕ ಬ್ರೂಕ್ಸ್ ಸ್ಟೀವನ್ಸ್ ಲ್ಯಾಮಿನೇಟ್ ತಯಾರಿಸುವ ಫಾರ್ಮೈಕಾ ಕಂಪನಿಗೆ ಮಾಡಿಕೊಟ್ಟ ಬೂಮರಾಂಗ್ ವಿನ್ಯಾಸ ಇವತ್ತಿಗೂ ಆ ಕಾಲದ ಗುರುತು.

ನಲ್ಲಿ, ಕನ್ನಡಿ, ಬೆಳಕು

ಲೋಹ ಕ್ರೋಮ್ ಆಗಿರಲಿ. ಹಿತ್ತಾಳೆ ಬೇಕಿದ್ದರೆ ದೀಪಕ್ಕೆ, ಗುಬುಟಿಗೆ ಇಟ್ಟುಕೊಳ್ಳಿ. ಎರಡಕ್ಕಿಂತ ಹೆಚ್ಚು ಲೋಹದ ಬಣ್ಣ ಬೇಡ. ನಲ್ಲಿಯ ಆಕಾರ ಹೇಗಿರಬೇಕು ಅಂತ ತಿಳಿಯಲು ಡೆನ್ಮಾರ್ಕಿನ ವಾಸ್ತುಶಿಲ್ಪಿ ಆರ್ನೆ ಯಾಕೋಬ್ಸನ್ 1968ರಲ್ಲಿ ರೂಪಿಸಿದ ವೋಲಾ ನಲ್ಲಿಯ ಚಿತ್ರ ನೋಡಿ. ಯಂತ್ರವೆಲ್ಲ ಗೋಡೆಯೊಳಗೆ, ಹೊರಗೆ ಕಾಣುವುದು ಒಂದು ಕೊಳವೆ, ಒಂದು ಹಿಡಿ. ಅದೇ ಬೇಕೆಂದಿಲ್ಲ, ಅಷ್ಟು ಸರಳವಾದದ್ದು ಯಾವುದಾದರೂ ನಡೆಯುತ್ತದೆ.

ಕನ್ನಡಿ ದುಂಡಗಿದ್ದರೆ ಅದರ ವ್ಯಾಸ ಕಪಾಟಿನ ಅಗಲದ ಮೂರನೇ ಎರಡು ಭಾಗದಷ್ಟು ಚೆಂದ. ಆದರೆ ನಿಜ ಹೇಳಬೇಕೆಂದರೆ ಆ ಕಾಲದ ಮನೆಗಳಿಗೆ ಹೆಚ್ಚು ಹತ್ತಿರವಾದದ್ದು ಚೌಕಟ್ಟಿಲ್ಲದ ಉದ್ದನೆಯ ಆಯತದ ಕನ್ನಡಿ. ಅದರ ಅಂಚೂ ಟೈಲ್ಸ್ ಗೆರೆಗೆ ಕೂಡುತ್ತದೆ.

ದೀಪಗಳಲ್ಲಿ ಹಾಲುಬಣ್ಣದ ಗಾಜಿನ ಗೋಲಕ್ಕೆ ಸಾಟಿಯಿಲ್ಲ. 150ರಿಂದ 200 ಮಿ.ಮೀ. ವ್ಯಾಸದ ಎರಡು ಗೋಲ, ಕನ್ನಡಿಯ ಎರಡೂ ಬದಿಗೆ, ನೆಲದಿಂದ ಸುಮಾರು 1650 ಮಿ.ಮೀ. ಎತ್ತರದಲ್ಲಿ. ತಲೆಯ ಮೇಲಿನ ಒಂದೇ ದೀಪದಲ್ಲಿ ಕಣ್ಣಿನ ಕೆಳಗೆ ನೆರಳು ಬೀಳುತ್ತದೆ, ಶೇವ್ ಮಾಡುವವರಿಗೂ ಮೇಕಪ್ ಮಾಡುವವರಿಗೂ ತೊಂದರೆ. ಬಲ್ಬು 2700ರಿಂದ 3000 ಕೆಲ್ವಿನ್, ಅಂದರೆ ಬೆಚ್ಚನೆಯ ಹಳದಿ ಬೆಳಕಿನದು ಇರಲಿ, ಮರದ ಬಣ್ಣ ಆಗಲೇ ಅರಳುವುದು. ನೀರಿನ ಹತ್ತಿರದ ದೀಪಕ್ಕೆ ಐಪಿ44 ಗುರುತು (ನೀರು ಸಿಡಿದರೂ ತಡೆಯುತ್ತದೆ ಅಂತ) ನೋಡಿ ಕೊಳ್ಳಿ. ಅಮೆರಿಕದ ವಿನ್ಯಾಸಕ ಜಾರ್ಜ್ ನೆಲ್ಸನ್ ಅವರ ಬಬಲ್ ಲ್ಯಾಂಪ್ ಈ ಶೈಲಿಯ ಹೆಸರಾಂತ ದೀಪ, ಆದರೆ ಅದು ಹಾಲ್, ಊಟದ ಮೇಜಿಗೆ ಸರಿ. ಹಬೆ ತುಂಬುವ ಬಾತ್‌ರೂಮಿಗೆ ಬೇಡ.

ಕಿಟಕಿ ಇದ್ದರೆ ಪರದೆ ತೆಗೆದುಬಿಡಿ, ಮಬ್ಬು ಗಾಜು ಹಾಕಿಸಿ. ಹೊರಗಿನ ಬೆಳಕು ಒಳಗೆ ಬರುವುದು ಈ ಶೈಲಿಯ ದೊಡ್ಡ ಸುಖ. ಅಲ್ಲೇ ಒಂದು ಗಿಡದ ಕುಂಡ, ಮರದ ಸ್ಟೂಲ್. ಉಳಿದ ಶೋ ಸಾಮಾನು ಯಾವುದೂ ಬೇಕಾಗಿಲ್ಲ.

ಮುಗಿದ ಮೇಲೆ

ಸಿಲಿಕೋನ್ ಹಾಕಿದ ಮೇಲೆ ಒಂದು ದಿನ ನೀರು ತಾಗಿಸಬೇಡಿ. ಸ್ನಾನ ಆದ ಮೇಲೆ ಎಗ್ಸಾಸ್ಟ್ ಇಪ್ಪತ್ತು ನಿಮಿಷ ಓಡಲಿ, ಟೈಮರ್ ಸ್ವಿಚ್ ಹಾಕಿಸಿದರೆ ನೆನಪಿಟ್ಟುಕೊಳ್ಳುವ ಗೋಜಿಲ್ಲ. ಟೆರಾಝೊ ನೆಲಕ್ಕೆ ಆಸಿಡ್, ಕಮೋಡ್ ಕ್ಲೀನರ್, ವಿನೆಗರ್, ನಿಂಬೆರಸ ಬಳಸಬೇಡಿ. ಮಾರ್ಬಲ್ ಚೂರೂ ಸಿಮೆಂಟೂ ಆಸಿಡ್ಡಿಗೆ ಕರಗಿ ಹೊಳಪು ಹೋಗುತ್ತದೆ. ಹದವಾದ ಸೋಪಿನ ನೀರು ಸಾಕು. ನೆಲದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಮುತ್ತಿನಂತೆ ನಿಂತರೆ ಸೀಲರ್ ಇದೆ, ಹೀರಿಕೊಂಡು ಕಪ್ಪಾದರೆ ಮತ್ತೆ ಹಾಕಿಸುವ ಹೊತ್ತು ಬಂದಿದೆ.

ಟೈಲ್ಸ್ ಕೊಳ್ಳುವಾಗ ಲೆಕ್ಕಕ್ಕಿಂತ ನೂರಕ್ಕೆ ಹತ್ತು ಹದಿನೈದು ಜಾಸ್ತಿ ತಂದಿರುತ್ತೀರಿ. ಉಳಿದವನ್ನು ಕೆಲಸದವರು ಹೊರುವ ಕಸದ ಜೊತೆ ಕಳಿಸಬೇಡಿ. ಬೇರೆ ಸಲ ತಯಾರಾದ ಟೈಲ್ಸ್ ಬಣ್ಣ ಇದಕ್ಕೆ ಸರಿಹೊಂದುವುದಿಲ್ಲ. ಒಂದು ಪೆಟ್ಟಿಗೆಯಲ್ಲಿ ಆ ಟೈಲ್ಸ್, ಗ್ರೌಟ್ ಪ್ಯಾಕೆಟ್ಟಿನ ಬಣ್ಣದ ನಂಬರ್, ನಲ್ಲಿಯ ಬಿಲ್ಲು, ಗೋಡೆ ಮುಚ್ಚುವ ಮುಂಚೆ ತೆಗೆದ ಫೋಟೋಗಳ ಪ್ರತಿ ಇಟ್ಟುಬಿಡಿ. ನಾಳೆ ಹಿಡಿಕಂಬಿ ಕೂರಿಸಲು ಯಾರಾದರೂ ಡ್ರಿಲ್ ಹಿಡಿದು ಬಂದಾಗ, ಪೈಪ್ ಯಾವ ಟೈಲಿನ ಹಿಂದೆ ಹೋಗಿದೆ, ಆಧಾರದ ಪಟ್ಟಿ ಎಷ್ಟು ಎತ್ತರದಲ್ಲಿದೆ ಅಂತ ಆ ಫೋಟೋ ನೋಡಿಯೇ ಹೇಳಬಹುದು.